ಪಂಕ್ತಿಗೆ ಆರಿದ ನೀರು

ಅಮ್ಮನ ಸೋದರಿಯಾದ ನನ್ನ ಮಾವಶಿ ನಮ್ಮ ಜೈನರ ಪರ್ಯೂಷಣ ಪರ್ವದ ಹತ್ತೂ ದಿನ ಏಕಾಸನ ಮಾಡುತ್ತಾರೆ. ಅಂದರೆ ದಿನಕ್ಕೆ ಒಂದೇ ಸಲ ಕೂರುವುದು. ಕೂತಲ್ಲೇ ಊಟ, ಕೂತಲ್ಲೇ ನೀರು. ಎದ್ದರೆ ಮುಗಿಯಿತು. ಮತ್ತೆ ಒಂದು ಗುಟುಕು ಬೇಕೆಂದರೂ ಮರುದಿನ ಅದೇ ಹೊತ್ತಿಗೆ. ಆ ನೀರಾದರೂ ಎಂಥದ್ದು? ಸೂರ್ಯ ಹುಟ್ಟಿದ ಮೇಲೆ ಬಾವಿಯಿಂದ ಸೇದಿ, ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಅಂದೇ ಕುದಿಸಿದ್ದು. ನಿನ್ನೆ ಕುದಿಸಿದ್ದು ಅವರಿಗೆ ನಡೆಯುವುದಿಲ್ಲ. ಬೇರೆಯವರ ನೇಮ ಇದಕ್ಕಿಂತ ಸಡಿಲ ಇರಬಹುದು. ಮಾವಶಿಯ ನೇಮ ಮಾವಶಿಯದು, ಅಲ್ಲಿ ವಾದಕ್ಕೆ ಜಾಗವಿಲ್ಲ. ನೀರು ಕುಡಿದಷ್ಟು ಸುಲಭ ಅಂತ ಜನ ಅನ್ನುತ್ತಾರಲ್ಲ, ಆ ಮಾತನ್ನು ಗಡಿಯಾಚೆಯ ಸಮಡೋಳಿ ಎಂಬ ಊರಿನ ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ.

ಹೋದ ವರ್ಷ ಈ ನೀರಿನ ದೆಸೆಯಿಂದಲೇ ಅವರು ಮಿರಜದ ಆಸ್ಪತ್ರೆ ಸೇರಿದರು.

ಏಕಾಸನದ ಹೆಂಗಸರೆಲ್ಲ ಬಸದಿಯ ಪಕ್ಕದ ಹಜಾರದಲ್ಲಿ ಒಟ್ಟಿಗೆ ಪಂಕ್ತಿಯಲ್ಲಿ ಕೂರುವುದು ನಮ್ಮೂರ ಪದ್ಧತಿ. ಬೆಳಿಗ್ಗೆ ಒಲೆ ಮೊದಲು ಚಾತುರ್ಮಾಸಕ್ಕೆ ಬಂದ ಮುನಿಗಳ ಆಹಾರಕ್ಕೆ. ಅವರನ್ನು ನಾವು ಮಹಾರಾಜರು ಅನ್ನುತ್ತೇವೆ. ಅವರ ಆಹಾರದ ಸಿದ್ಧತೆ ಮುಗಿದ ಮೇಲೆ ಪಂಕ್ತಿಯ ದೊಡ್ಡ ತಾಮ್ರದ ಹಂಡೆ ಒಲೆ ಏರುತ್ತದೆ. ಅದು ಕುದಿಯುವಷ್ಟರಲ್ಲಿ ಎಲೆ ಹಾಕಿಯೇ ಬಿಟ್ಟಿರುತ್ತಾರೆ. ಮುಚ್ಚಿಟ್ಟ ದೊಡ್ಡ ಹಂಡೆ ಅಷ್ಟು ಬೇಗ ಆರುವುದೆಲ್ಲಿ? ಹೆಂಗಸರು ತಂಬಿಗೆಯ ನೀರನ್ನು ಊದಿ ಊದಿ ನಾಲ್ಕು ಗುಟುಕು ಕುಡಿದು ಏಳುತ್ತಾರೆ. ಹೋದ ವರ್ಷ ಮಾವಶಿಯ ನಾಲಿಗೆ ಮೊದಲ ದಿನವೇ ಸುಟ್ಟಿತು. ಆಮೇಲಿನ ದಿನಗಳಲ್ಲಿ ಅವರು ಎರಡು ಗುಟುಕಿಗೇ ಏಳತೊಡಗಿದರು, ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಸ್ವಾಧ್ಯಾಯಕ್ಕೆ ಕೂತವರು ಕೂತಲ್ಲಿಯೇ ವಾಲಿದರು.

ಮಿರಜದ ಡಾಕ್ಟರು ಒಳ್ಳೆಯವರು. ಉಪವಾಸ ಬೇಡ ಎನ್ನಲಿಲ್ಲ. ಕೂತಾಗ ಹೊಟ್ಟೆ ತುಂಬ ನೀರು ಹೋಗಲೇಬೇಕು, ಹೋಗದಿದ್ದರೆ ಈ ವಯಸ್ಸಿನಲ್ಲಿ ಕಿಡ್ನಿಗೆ ತ್ರಾಸು ಎಂದರು, ಅಷ್ಟೇ. ಆದರೆ ಮಾವಶಿಯ ಮಗ, ನಾನು ದಾದಾ ಎಂದು ಕರೆಯುವ ನನ್ನ ಅಣ್ಣ, ಹಾಸಿಗೆಯ ಪಕ್ಕದಲ್ಲೇ ನಿಂತು ಸಿಡಿದ. ಅವನಿಗೆ ಸಿಟ್ಟು ಬಂದರೆ ಮರಾಠಿ ಬರುತ್ತದೆ. "ಪುಢಚ್ಯಾ ವರ್ಷೀ ಹೇ ಸಗಳಂ ಬಂದ!" ಎಂದ. ಮುಂದಿನ ವರ್ಷದಿಂದ ಇದೆಲ್ಲ ಬಂದ್. ಮಾವಶಿ ಗೋಡೆಯ ಕಡೆ ಹೊರಳಿದರು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವರು ಅವರು, ನನಗೆ ಜಡೆ ಹಾಕಿದ ಕೈ ಅದು. ಆ ಬೆನ್ನನ್ನು ನೋಡಿ ನನಗೆ ಅಳು ಬಂತು. ಮದುವೆಯಾದ ವರ್ಷದಿಂದ ಬಿಡದೆ ಮಾಡಿಕೊಂಡು ಬಂದ ವ್ರತ. ಗಂಡ ತೀರಿಕೊಂಡ ವರ್ಷವೂ ಬಿಟ್ಟಿರಲಿಲ್ಲ.

ಈ ವರ್ಷ ಪರ್ಯೂಷಣ ಹತ್ತಿರ ಬಂದಾಗ ನಾನು ಸಮಡೋಳಿಗೆ ಹೋಗಿ, ಓದಿದವರು ಕೊಡುವ ಸಲಹೆಗಳನ್ನೆಲ್ಲ ಕೊಟ್ಟೆ. ಅಗಲವಾದ ಪರಾತದಲ್ಲಿ ಸುರಿದರೆ ಬೇಗ ಆರುತ್ತದಲ್ಲ? ಬಾಯಿ ತೆರೆದ ಪಾತ್ರೆಯಲ್ಲಿ ಹುಳ ಬೀಳುತ್ತದೆ, ಆಗದು ಎಂದರು ಮಾವಶಿ. ಸ್ವಲ್ಪ ತಣ್ಣೀರು ಬೆರೆಸಿದರೆ? ಕುದಿಸಿದ್ದಕ್ಕೆ ಕುದಿಸದ್ದು ಬೆರೆತರೆ ಕುದಿಸಿದ್ದು ಯಾಕೆ? ಕೊನೆಗೆ ನನಗೆ ರೇಗಿತು. ನಿಮ್ಮ ಒಂದು ತಂಬಿಗೆಯನ್ನು ಮುಚ್ಚಿ ತಣ್ಣೀರಿನ ಬೋಗುಣಿಯಲ್ಲಿ ಇಡೋಣ, ಕೂರುವಷ್ಟರಲ್ಲಿ ಆರಿರುತ್ತದೆ, ಕಥೆ ಮುಗಿಯಿತು ಎಂದೆ.

"ಉಳದವರು?" ಎಂದರು ಮಾವಶಿ.

"ಉಳದವರ್ದು ಅವರು ನೋಡ್ಕೋತಾರ್ರಿ."

"ಹಂಗಾದ್ರ ನಂದೂ ನಾ ನೋಡ್ಕೋತೇನಿ. ಪಂಕ್ತಿಗೆ ಬಂದ ನೀರ ನನಗೂ. ನನಗೊಬ್ಬಾಕಿಗೆ ಬ್ಯಾರೆ ತಂಬಿಗಿ ಯಾಕವಾ? ಬಾಜೂಕ ಕುಂತಾಕಿ ನಾಲಿಗಿ ಸುಡಲಿ, ನಾ ತಣ್ಣಗ ಕುಡೀತೇನಿ ಅಂದ್ರ, ಅದ್ಯಾವ ಧರ್ಮಾನ?"

ಅಂದರೆ, ಪಂಕ್ತಿಗೆಲ್ಲ ಆರಿದ ನೀರು ಬರಬೇಕು, ಮುಚ್ಚಿಯೇ ಆರಬೇಕು, ಏನೂ ಬೆರೆಯದೆ ಆರಬೇಕು, ಕುದಿದ ಸ್ವಲ್ಪ ಹೊತ್ತಿನಲ್ಲೇ ಆರಬೇಕು. ಬಾಗಿಲಲ್ಲಿ ನಿಂತಿದ್ದ ದಾದಾ ತನ್ನದೊಂದು ಷರತ್ತು ಸೇರಿಸಿದ. "ಮೊದಲ್ನೇ ದಿನ ನಾ ಅಲ್ಲೇ ನಿಂತು ನೋಡತೇನಿ. ಹೊಟ್ಟಿತುಂಬ ನೀರು ಕುಡದಳಂದ್ರ ಆತು. ಇಲ್ಲಂದ್ರ ಎರಡ್ನೇ ದಿನದ ಏಕಾಸನ ಇಲ್ಲ. ಇನ್ಮ್ಯಾಲ ಎಂದೂ ಇಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ನನ್ನ ಮೇಲೇ ನಗು ಬಂತು. ನಾನು ವಿಶ್ರಾಮಬಾಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹೀಟ್ ಎಕ್ಸ್‌ಚೇಂಜರ್ ಪಾಠ ಮಾಡುತ್ತೇನೆ. ಬಿಸಿಯಾದದ್ದನ್ನು ಮುಚ್ಚಿ, ಏನೂ ಬೆರೆಸದೆ, ಹರಿಯುತ್ತಿದ್ದ ಹಾಗೆಯೇ ತಣಿಸುವುದು ಹೇಗೆ ಎಂದು ವಾರವೆಲ್ಲ ಕೂಗಿ ಕೂಗಿ ಹೇಳುವವಳು ಪರಾತ, ಬೋಗುಣಿ ಎನ್ನುತ್ತಾ ಕೂತಿದ್ದೆ. ಅಡುಗೆಮನೆಯ ಪ್ರಶ್ನೆ ಬಂದಾಗ ಕಾಲೇಜಿನ ತಲೆ ಮನೆಯ ಹೊಸ್ತಿಲಲ್ಲೇ ಉಳಿಯುತ್ತದೆ ಎಂದು ಕಾಣುತ್ತದೆ. ಸಾಂಗ್ಲಿವಾಡಿ ದಾಟಿ ಬಸ್ಸು ಕೃಷ್ಣೆಯ ಸೇತುವೆ ಏರುವಷ್ಟರಲ್ಲಿ ಮನಸ್ಸಿನಲ್ಲಿ ಕೊಳವೆಗಳು ಜೋಡಣೆಯಾಗಿದ್ದವು.

ಸಾಧನ ಸರಳ. ಒಂದು ತಾಮ್ರದ ಕೊಳವೆ, ಅದನ್ನು ಸುತ್ತುವರಿದು ಇನ್ನೊಂದು ದಪ್ಪ ಕೊಳವೆ. ಒಳಗಿನದರಲ್ಲಿ ಹಂಡೆಯ ಬಿಸಿನೀರು ಒಂದು ದಿಕ್ಕಿಗೆ ಹರಿಯುತ್ತದೆ, ಹೊರಗಿನದರಲ್ಲಿ ತಣ್ಣೀರು ಎದುರು ದಿಕ್ಕಿಗೆ. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ನಡುವಿನ ಗೋಡೆ ದಾಟಿ ಶಾಖ ಮಾತ್ರ ಹೋಗುತ್ತದೆ. ಎದುರು ದಿಕ್ಕೇ ಯಾಕೆ ಎಂದು ಪ್ರತಿ ವರ್ಷ ಹುಡುಗರು ಕೇಳುತ್ತಾರೆ. ಎರಡೂ ಜೊತೆಯಾಗಿ ಒಂದೇ ದಿಕ್ಕಿಗೆ ಹೊರಟರೆ ನಡುವೆ ಎಲ್ಲೋ ಸಮವಾಗಿ, ಕೊನೆಯವರೆಗೂ ಉಗುರುಬೆಚ್ಚಗೆ ಜೋಲುಮೋರೆ ಹಾಕಿಕೊಂಡು ನಡೆಯುತ್ತವೆ. ಎದುರುಬದುರಾಗಿ ಹರಿದರೆ ಬಿಸಿನೀರು ಹೊರಬೀಳುವ ತುದಿಯಲ್ಲಿ ಅದಕ್ಕೆ ಎದುರಾಗುವುದು ಈಗಷ್ಟೇ ಒಳಬಂದ ತಣ್ಣೀರು. ಕೊನೆಯ ಗೇಣಿನವರೆಗೂ ಶಾಖ ಕೊಡಲು ಜಾಗ ಇರುತ್ತದೆ.

ಎಷ್ಟು ಉದ್ದ ಬೇಕು, ಎಷ್ಟು ನಿಧಾನ ಹರಿಸಬೇಕು ಎನ್ನುವುದನ್ನು ಹೇಳುವುದು ಗಣಿತದ ಮಾದರಿ. ಅದು ದೊಡ್ಡ ಹೆಸರು, ಕೆಲಸ ಚಿಕ್ಕದು. ಇಡೀ ಕೊಳವೆಯನ್ನು ಬಳೆ ಬಳೆಯಾಗಿ ಕತ್ತರಿಸಿದ ಹಾಗೆ ಎಣಿಸಿಕೊಳ್ಳಬೇಕು. ಪ್ರತಿ ಬಳೆಯಲ್ಲೂ ಎರಡು ಮಾತು: ಬಿಸಿನೀರು ಕಳೆದುಕೊಂಡದ್ದನ್ನೇ ತಣ್ಣೀರು ಪಡೆಯುತ್ತದೆ, ಎರಡರ ಉಷ್ಣತೆಯ ಅಂತರ ಎಷ್ಟು ದೊಡ್ಡದೋ ಶಾಖ ಅಷ್ಟು ಜೋರಾಗಿ ದಾಟುತ್ತದೆ. ಈ ಬಳೆಯ ಉತ್ತರ ಮುಂದಿನ ಬಳೆಗೆ ಪ್ರಶ್ನೆಯಾಗುತ್ತದೆ. ಪೇಚಾಟ ಬೇರೆ ಕಡೆ ಇದೆ. ಬಿಸಿನೀರು ಎಷ್ಟು ಬಿಸಿಯಾಗಿ ಬರುತ್ತದೆಂಬುದು ಈ ತುದಿಯಲ್ಲಿ ಗೊತ್ತು, ತಣ್ಣೀರಿನದು ಆ ತುದಿಯಲ್ಲಿ. ಒಂದೇ ಕಡೆಯಿಂದ ಹೊರಡಲು ಎರಡೂ ಗೊತ್ತಿರುವುದಿಲ್ಲ. ಆಗ ಗೊತ್ತಿಲ್ಲದ್ದನ್ನು ಊಹಿಸಿ ಹೊರಡಬೇಕು, ಆ ತುದಿ ಮುಟ್ಟಿ ನೋಡಬೇಕು, ಹೊಂದದಿದ್ದರೆ ಹಿಂದಿರುಗಿ ಊಹೆ ತಿದ್ದಬೇಕು. ಕಂಪ್ಯೂಟರು ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ. ನನಗೆ ಈ ವಿಧಾನ ಮೊದಲಿಂದಲೂ ಇಷ್ಟ. ತಪ್ಪಿಗೆ ಬೈಗುಳವಿಲ್ಲದ ಕೆಲಸ ಅದು, ತಪ್ಪು ಎಷ್ಟೆಂದು ತಿಳಿದರೆ ಸಾಕು.

ಎರಡು ದಿನದಲ್ಲಿ ಚಿತ್ರ ಬರೆದು ಸಮಡೋಳಿಗೆ ಓಡಿದೆ. ಮಾವಶಿ ಕನ್ನಡಕ ಏರಿಸಿ ಕಾಗದ ನೋಡಿದರು. ಮೊದಲ ಪ್ರಶ್ನೆ, "ನಳದಾಗ ಚರ್ಮದ ವಾಯಸರ್ ಇಲ್ಲಲಾ?" ಇಲ್ಲ, ವಾಷರ್ ಸಿಲಿಕೋನಿನದು. ಎರಡನೆಯದು, ಕೊಳವೆಯಲ್ಲಿ ನೀರು ನಿಂತು ಉಳಿದರೆ ಅದರಲ್ಲಿ ಜೀವ ಆಗುವುದಿಲ್ಲವೇ? ಇಲ್ಲ, ಹಲಗೆಯನ್ನು ಓರೆಯಾಗಿ ಇಡುತ್ತೇವೆ, ಕೊನೆಯ ಹನಿಯವರೆಗೂ ಬಸಿದು ಹೋಗುತ್ತದೆ. ನಾನು ಬೀಗುತ್ತಿದ್ದೆ. ಮೂರನೆಯ ಪ್ರಶ್ನೆ ಕಾಗದದ ಅಂಚಿನ ಒಂದು ಬಾಣದ ಮೇಲೆ ಬೆರಳಿಟ್ಟು ಬಂತು.

"ಈ ತಣ್ಣೀರು ಹೊರಗ ಬಂದ ಮ್ಯಾಲ ಎಲ್ಲಿ ಹೋಗತೈತಿ?"

"ವಾಪಸ್ ಬಾವಿಗೆ ಬಿಡೂದ್ರಿ."

"ಬಿಸಿ ಆಗಿರತೈತಲಾ?"

"ಆಗಿರತೈತಿ. ಅದರ ಶಾಖಾನೂ ಇದ ತಗೊಂಡಿರತೈತಲ್ಲರಿ."

ಮಾವಶಿ ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟರು. "ಬಾವ್ಯಾಗಿನ ಜೀವದ ಮ್ಯಾಲ ಬಿಸಿನೀರು ಸುರದು ನಾ ವ್ರತಾ ಮಾಡ್ಲ್ಯಾ? ನೀರು ಗಾಳಿಸಿದ ಬಟ್ಟೀನ ಸುದ್ದಾ, ಅದರಾಗಿನ ಜೀವ ವಾಪಸ್ ಹೋಗಲಿ ಅಂತ, ನಾವು ಬಾವ್ಯಾಗ ಮೆಲ್ಲಕ ತೊಳಿತೇವು. ಮರತ್ಯಾ ಏನ?"

ಚರಂಡಿಗೆ ಬಿಡೋಣ ಎಂದೆ. ಚರಂಡಿಯಲ್ಲಿ ಜೀವ ಇಲ್ಲವೇ ಎಂದರು. ನೆಲಕ್ಕೆ? ನೆಲದಲ್ಲಿ ಇರುವೆ ಇಲ್ಲವೇ? ನಾನು ಮುಖ ಊದಿಸಿಕೊಂಡು ಚಹಾ ಕೂಡ ಕುಡಿಯದೆ ಹೊರಟೆ. ಇಷ್ಟು ಹಟದ ಹೆಂಗಸನ್ನು ಯಾವ ಸಮೀಕರಣ ತಣಿಸೀತು ಎಂದು ದಾರಿಯುದ್ದಕ್ಕೂ ಗೊಣಗಿದೆ. ಬಸ್ಸಿನ ಕಿಟಕಿಯ ಕಬ್ಬಿಣ ಸುಡುತ್ತಿತ್ತು, ಅದರ ಮೇಲೂ ಸಿಟ್ಟು ಬಂತು.

ಮರುದಿನ ಕ್ಲಾಸಿನಲ್ಲಿ ಹಾಲಿನ ಡೇರಿಯ ಪಾಠ ಇತ್ತು. ಕಾಯಿಸಿದ ಹಾಲನ್ನು ತಣಿಸುವುದಕ್ಕೆ, ಇನ್ನೂ ಕಾಯಬೇಕಾದ ಹಾಲನ್ನೇ ಎದುರಿಗೆ ಹರಿಸುತ್ತಾರೆ. ಇದು ತಣಿಯುತ್ತದೆ, ಅದು ಅರ್ಧ ಕಾಯುತ್ತದೆ, ಉರುವಲೂ ಉಳಿಯುತ್ತದೆ. ವರ್ಷ ವರ್ಷ ಹೇಳಿದ ಪಾಠ, ಬಾಯಿ ತನ್ನಷ್ಟಕ್ಕೆ ನಡೆಯುತ್ತಿತ್ತು. ಬೋರ್ಡಿನ ಮೇಲೆ ಬಾಣ ಎಳೆಯುತ್ತಿದ್ದ ಕೈ ಅಲ್ಲೇ ನಿಂತಿತು. ಬಾವಿಗೆ ಯಾಕೆ ಬಿಡಬೇಕು? ಆ ತಣ್ಣೀರು ಸೋಸಿದ ನೀರೇ, ಹೇಗೂ ಪಂಕ್ತಿಯ ನಂತರ ಉಣ್ಣುವವರಿಗೆಂದು ಮುಂದಿನ ಹಂಡೆಯಲ್ಲಿ ಕುದಿಯಬೇಕಾದದ್ದೇ. ಕಾದು ಬಂದದ್ದನ್ನು ನೇರ ಎರಡನೇ ಹಂಡೆಗೆ ಇಳಿಸಿದರೆ ಒಂದು ಹನಿಯೂ ಹೊರಗೆ ಚೆಲ್ಲುವುದಿಲ್ಲ, ಕಟ್ಟಿಗೆಯೂ ಕಡಿಮೆ ಸಾಕು. ಹುಡುಗರು ನನ್ನ ಮುಖ ನೋಡಿ ಪರೀಕ್ಷೆಯಲ್ಲಿ ಬರುವ ಪ್ರಶ್ನೆ ಇರಬೇಕು ಎಂದು ಗಡಬಡಿಸಿ ಬರೆದುಕೊಂಡರು.

ಫೋನಿನಲ್ಲಿ ಹೇಳಿದಾಗ ಮಾವಶಿ, "ಇದ ಮೊದಲ ಯಾಕ ತಿಳೀಲಿಲ್ಲ ನಿನಗ?" ಎಂದರು. ಮೆಚ್ಚಿದಾಗ ಅವರು ಹೀಗೆಯೇ ಮಾತಾಡುವುದು.

ಕೊಳವೆಗಳನ್ನು ಮಿರಜದಲ್ಲಿ ಮಾಡಿಸಿದೆ. ಉದ್ದದ ತುಂಡುಗಳನ್ನು ಒಂದರ ಕೆಳಗೊಂದು ಹಲಗೆಯ ಮೇಲೆ ಕೂರಿಸಿ, ತುದಿಗಳನ್ನು ಬೆಸುಗೆ ಹಾಕಿ ಜೋಡಿಸಿದರು. ಕಾಲೇಜಿನ ಲ್ಯಾಬಿನಲ್ಲಿ ಓಡಿಸಿ ನೋಡಿದೆ. ಕುಡಿಯುವ ನೀರಿಗೆ ಉಷ್ಣತೆ ಅಳೆಯುವ ನನ್ನ ತಂತಿ ಮುಟ್ಟುವುದು ಮಾವಶಿಗೆ ಒಪ್ಪಿಗೆ ಇರಲಿಲ್ಲ. ಹಾಗಾಗಿ ನಾಲ್ಕು ತಂತಿಗಳನ್ನು ಕೊಳವೆಯ ನಾಲ್ಕು ಬಾಯಿಗಳಲ್ಲಿ ಹೊರಗಿನಿಂದ ಅಂಟಿಸಿ, ಮೇಲೆ ಹತ್ತಿ ಸುತ್ತಿದೆ: ಬಿಸಿನೀರು ಒಳಬರುವಲ್ಲಿ, ಹೊರಹೋಗುವಲ್ಲಿ, ತಣ್ಣೀರು ಒಳಬರುವಲ್ಲಿ, ಹೊರಹೋಗುವಲ್ಲಿ. ಗೋಡೆ ಎಷ್ಟು ಸರಾಗವಾಗಿ ಶಾಖ ದಾಟಿಸುತ್ತದೆ ಎಂಬ ಸಂಖ್ಯೆಗೆ ಪುಸ್ತಕಗಳು ಅಂದಾಜು ಕೊಡುತ್ತವೆ, ನಿಜವನ್ನು ಪ್ರಯೋಗವೇ ಹೇಳಬೇಕು. ಲ್ಯಾಬಿನಲ್ಲಿ ಅದು ಹೇಳಿತು. ಮಾದರಿ ಹೇಳಿದ ಗೆರೆಯ ಮೇಲೆ ಅಳತೆಯ ಚುಕ್ಕೆಗಳು ಬಂದು ಕೂತವು. ಕುದಿಯುವ ನೀರು ಈ ತುದಿಯಲ್ಲಿ ಹೋಗಿ ಆ ತುದಿಯಲ್ಲಿ ಹಸುಗೂಸಿಗೆ ಕುಡಿಸುವಷ್ಟು ಬೆಚ್ಚಗೆ ಇಳಿಯಿತು. ನಾನು ಅಂದು ಲ್ಯಾಬಿನಲ್ಲಿ ಎಲ್ಲರಿಗೂ ವಡಾಪಾವ್ ತರಿಸಿದೆ.

ಬಸದಿಯಲ್ಲಿ ತಾಲೀಮು ಇಟ್ಟದ್ದು ಪರ್ಯೂಷಣಕ್ಕೆ ಮುಂಚಿನ ಭಾನುವಾರ. ನಾನು ಸ್ನಾನ ಮಾಡಿ, ಮಡಿ ಉಟ್ಟು, ದಾದಾನ ಹೆಂಡತಿಯಾದ ನನ್ನ ವಹಿನಿಯ ಜೊತೆ ಎಲ್ಲ ಜೋಡಿಸಿದೆ. ಎತ್ತರದಲ್ಲಿ ತಣ್ಣೀರಿನ ಸ್ಟೀಲಿನ ಟಾಕಿ, ಅದರ ಬುಡಕ್ಕೆ ನಳ. ಒಲೆಯ ಮೇಲೆ ಹಂಡೆ, ಅದಕ್ಕೂ ನಳ. ನಡುವೆ ಓರೆಯಾಗಿ ನನ್ನ ಹಲಗೆ. ನೀರು ಕುದಿಯಿತು, ನಳಗಳನ್ನು ಬಿಟ್ಟೆವು. ಮುಚ್ಚಿದ ಕೊಡಕ್ಕೆ ಇಳಿದ ನೀರನ್ನು ವಹಿನಿ ಅಂಗೈಗೆ ಹಾಕಿಕೊಂಡು "ಅವ್ವಾ!" ಎಂದು ಕೈ ಝಾಡಿಸಿದರು. ಸುಡುತ್ತಿತ್ತು. ಹೋದ ವರ್ಷದಷ್ಟು ಅಲ್ಲ, ಆದರೆ ಹೊಟ್ಟೆ ತುಂಬ ಕುಡಿಯುವ ನೀರಂತೂ ಅಲ್ಲ.

ದಾದಾ ಕೊಡದ ಕಡೆ ಒಮ್ಮೆ ನೋಡಿ ಹೊರನಡೆದ. ಅವನು ಬೈದಿದ್ದರೆ ಚೆನ್ನಾಗಿತ್ತು. ಮಾವಶಿ ಹಜಾರದ ಕಂಬಕ್ಕೆ ಒರಗಿ ಕೂತು, ನನ್ನ ಕಡೆ ನೋಡದೆ ಸೆರಗಿನ ತುದಿ ಸರಿ ಮಾಡಿಕೊಳ್ಳುತ್ತಿದ್ದರು. ಈ ವರ್ಷ ತಪ್ಪಿದರೆ ಮುಂದೆಂದೂ ಇಲ್ಲ ಎಂಬ ಮಾತು ಅವರ ಕಿವಿಯಲ್ಲೂ ಇತ್ತು, ನನ್ನ ಕಿವಿಯಲ್ಲೂ ಇತ್ತು. ನಾಲ್ಕು ತಂತಿಗಳ ಅಂಕಿಗಳನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೊರಬಿದ್ದೆ.

ಮಧ್ಯಾಹ್ನ ವಿಶ್ರಾಮಬಾಗದ ಮನೆಯಲ್ಲಿ ಆ ನಾಲ್ಕು ಅಂಕಿಗಳ ಮುಂದೆ ಕೂತೆ. ಮೊದಲು ಎಲ್ಲರನ್ನೂ ದೂರಿದೆ: ಸಮಡೋಳಿಯ ಬಾವಿಯ ಗಡಸು ನೀರು, ಮಿರಜದ ಬೆಸುಗೆ, ಲ್ಯಾಬಿನ ಅಳತೆ. ಗೋಡೆಗೆ ಸುಣ್ಣದ ಪದರ ಕೂತು ಶಾಖ ದಾಟುತ್ತಿಲ್ಲವೋ ಏನೋ ಎಂದುಕೊಂಡೆ. ಆದರೆ ಗೋಡೆ ದಾಟಿಸುತ್ತಿಲ್ಲ ಎಂದಾದರೆ ತಣ್ಣೀರು ತಣ್ಣಗೇ ಹೊರಬರಬೇಕಿತ್ತು. ಅದು ಬಂದದ್ದು ಹೆಚ್ಚುಕಡಿಮೆ ಹಂಡೆಯ ನೀರಿನಷ್ಟೇ ಕಾದು. ಶಾಖವೇನೋ ಧಾರಾಳವಾಗಿ ದಾಟಿತ್ತು. ಹಾಗಾದರೆ ಬಿಸಿನೀರು ಯಾಕೆ ಆರಲಿಲ್ಲ?

ಆಮೇಲೆ, ಸಿಟ್ಟು ಇಳಿದ ಮೇಲೆ, ಮೊದಲ ವರ್ಷದ ಹುಡುಗ ಮಾಡುವ ಕೆಲಸ ಮಾಡಿದೆ. ಕಳೆದೆ. ಬಿಸಿನೀರು ಎಷ್ಟು ಇಳಿದಿದೆ, ತಣ್ಣೀರು ಎಷ್ಟು ಏರಿದೆ. ಹರಿವು ಎರಡೂ ಕಡೆ ಸಮ ಇದ್ದರೆ ಇಳಿದಷ್ಟೇ ಏರಬೇಕು. ಇಲ್ಲಿ ತಣ್ಣೀರು ಎರಡು ಪಾಲು ಏರಿತ್ತು, ಬಿಸಿನೀರು ಒಂದು ಪಾಲು ಇಳಿದಿತ್ತು. ಅಂದರೆ ತಣ್ಣೀರು ನಾನು ಎಣಿಸಿದ್ದರ ಅರ್ಧವೇ ಹರಿದಿದೆ. ಅರ್ಧ ನೀರು ಪಾಪ ತಾನು ಹೊರುವಷ್ಟು ಶಾಖ ಹೊತ್ತು, ಇನ್ನು ಆಗದು ಎಂದು ಕೈ ಚೆಲ್ಲಿದೆ. ಮಾದರಿ ಸರಿಯಾಗಿಯೇ ಇತ್ತು. ಟಾಕಿಯ ನಳವನ್ನು ನಾನೇ ಪೂರ್ತಿ ಬಿಟ್ಟಿದ್ದೆ, ಅದು ಚೆನ್ನಾಗಿ ನೆನಪಿತ್ತು. ಉಳಿದ ನೀರನ್ನು ಹಿಡಿದದ್ದು ಯಾರು?

ವಹಿನಿಗೆ ಫೋನು ಮಾಡಿದೆ. ನಳ ಕೊಳವೆಗೆ ಸೇರುವ ಜಾಗದಲ್ಲಿ ಏನಾದರೂ ಸಿಕ್ಕಿಕೊಂಡಿತ್ತೇ, ಕಸ, ಎಲೆ, ಏನಾದರೂ?

"ಏನೂ ಇಲ್ಲರಿ. ಸ್ವಚ್ಛ ಇತ್ತು. ಗಾಳಣಿ ಬಟ್ಟಿ ಅಷ್ಟ ಇತ್ತು."

"ಯಾವ ಬಟ್ಟಿ?"

"ನಳಕ್ಕ ಕಟ್ಟಿದ್ದು."

"ಅಯ್ಯ, ಅದನ್ನ ಯಾರು ಕಟ್ಟಿದ್ರಿ ಅಲ್ಲಿ? ನನಗ ಒಂದ್ ಮಾತ ಹೇಳಬಾರದಾ?"

ಆ ಕಡೆಯಿಂದ ವಹಿನಿ ನಗು ತಡೆದುಕೊಂಡು ಹೇಳಿದರು. "ನೀವ ಕಟ್ಟಿದ್ರಲ್ಲರಿ! ಟಾಕಿ ಏರಿಸಿದ ಕೂಡ್ಲೆ ನನ್ನ ಕೈಯಾಗಿಂದು ಕಸಗೊಂಡು, ಎರಡು ಮಡಿಕಿ ಮಾಡಿ, ಗಟ್ಟಿ ಬಿಗದು ಕಟ್ಟಿದ್ರಿ. ಚಂದ ಕಟ್ಟೀರಿ ಅಂತ ಅತ್ತಿನೂ ಅಂದ್ರು."

ನನಗೆ ನಿಜಕ್ಕೂ ನೆನಪಿರಲಿಲ್ಲ. ಈಗಲೂ ಇಲ್ಲ. ಸೋಸಿದ ನೀರು ಸ್ವಲ್ಪ ಹೊತ್ತು ನಿಂತರೆ ಮತ್ತೆ ಸೋಸಬೇಕು ಎನ್ನುವ ಮನೆಯಲ್ಲಿ ಬೆಳೆದವಳು ನಾನು. ಬಟ್ಟೆ ಕಟ್ಟದ ನಳವನ್ನು ಆ ಮನೆಯಲ್ಲಿ ನೋಡಿಯೇ ಇಲ್ಲ. ಲಂಗ ಉಡುವ ವಯಸ್ಸಿನಲ್ಲಿ ಕಲಿತ ಕೈ, ಡಾಕ್ಟರೇಟಿನ ತಲೆಯನ್ನು ಕೇಳದೆ ತನ್ನ ಕೆಲಸ ತಾನು ಮಾಡಿ ಮುಗಿಸಿತ್ತು. ಲ್ಯಾಬಿನಲ್ಲಿ ಸೀರೆಯ ಮೇಲೆ ಬಿಳಿ ಕೋಟು ಹಾಕಿದಾಗ ಬಾರದ ಅಭ್ಯಾಸ, ಮಡಿ ಉಟ್ಟ ಕೂಡಲೇ ಬಂದುಬಿಟ್ಟಿತ್ತು. ಫೋನಿನ ಎರಡೂ ಕಡೆ ನಾವು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಅಷ್ಟು ಹಗುರಾಗಿ ನಾನು ಎಷ್ಟೋ ದಿನದಿಂದ ನಕ್ಕಿರಲಿಲ್ಲ.

ಬಟ್ಟೆ ಬಿಚ್ಚಿಬಿಡೋಣ ಎಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಮಾದರಿಯ ಸಮೀಕರಣದಲ್ಲಿ ಬಟ್ಟೆಗೂ ಒಂದು ಪದ ಸೇರಿಸಿದೆ. ಒದ್ದೆ ಬಟ್ಟೆ ನೀರನ್ನು ಎಷ್ಟು ತಡೆಯುತ್ತದೆ, ಹೊತ್ತು ಹೋದಂತೆ ನೂಲಿನ ಸಂದಿಯಲ್ಲಿ ಮಣ್ಣು ಕೂತು ತಡೆ ಎಷ್ಟು ಹೆಚ್ಚುತ್ತದೆ ಎಂದು ಮನೆಯ ಬಚ್ಚಲಲ್ಲೇ ಅಳೆದೆ. ಉತ್ತರ ಬಂದದ್ದು ಹೀಗೆ: ಬಟ್ಟೆಯನ್ನು ನಳದ ಬಾಯಿಗೆ ಬಿಗಿದು ಕಟ್ಟಬಾರದು. ಟಾಕಿಯೊಳಗೆ ನಳದ ಬುಡಕ್ಕೆ ದೊಡ್ಡ ಚೀಲದ ಹಾಗೆ ಸಡಿಲ ಇಳಿಬಿಟ್ಟರೆ ನೀರು ಎಲ್ಲ ಕಡೆಯಿಂದಲೂ ಸೋಸಿ ಬರುತ್ತದೆ. ನಡುವೆ ಒಮ್ಮೆ ಬಟ್ಟೆ ಬದಲಿಸಬೇಕು. ಉಳಿದ ಅಂತರವನ್ನು ಹಂಡೆಯ ನಳ ತುಸು ತಿರುಗಿಸಿ ಸರಿದೂಗಿಸಬೇಕು. ಎಷ್ಟು ತಿರುಗಿಸಬೇಕೆಂದು ವಹಿನಿಗೆ ಹೇಳುವುದು ಸುಲಭವಾಗಿತ್ತು. ಇದು ಇಳಿದಷ್ಟೇ ಅದು ಏರಬೇಕು. ಏರಿಕೆ ಹೆಚ್ಚು ಕಂಡರೆ ಬಟ್ಟೆಯಲ್ಲಿ ಮಣ್ಣು ಕಟ್ಟಿಕೊಂಡಿದೆ ಎಂದು ತಿಳಿಯಿರಿ. ವಹಿನಿ ಒಂದೇ ಸಲಕ್ಕೆ ಹಿಡಿದರು. ನನ್ನ ಹುಡುಗರಲ್ಲಿ ಕೆಲವರಿಗೆ ಒಂದು ಸೆಮಿಸ್ಟರ್ ಬೇಕಾಗುತ್ತದೆ.

ಎರಡನೇ ತಾಲೀಮಿಗೆ ಸಮಯ ಇರಲಿಲ್ಲ. ಪರ್ಯೂಷಣದ ಮೊದಲ ದಿನ ಕಾಲೇಜಿಗೆ ರಜೆ ಹಾಕಿ, ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಬಟ್ಟೆಯ ಚೀಲವನ್ನು ವಹಿನಿಯೇ ಇಳಿಬಿಟ್ಟರು; ನನ್ನ ಕೈಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ, ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಹಂಡೆ ಕುದಿಯಿತು. ನಳ ಬಿಟ್ಟೆವು. ನಾಲ್ಕು ಅಂಕಿಗಳು ಏರಿ ಇಳಿದು, ನಿಧಾನಕ್ಕೆ ನಿಂತವು. ಕಳೆದು ನೋಡಿದೆ. ಇಳಿದಷ್ಟೇ ಏರಿತ್ತು. ಎರಡನೇ ಹಂಡೆಗೆ ಹಬೆಯಾಡುವ ನೀರು ಇಳಿಯುತ್ತಿತ್ತು, ಮುಚ್ಚಿದ ಕೊಡಗಳಿಗೆ ಹಬೆಯೇ ಇಲ್ಲದ ನೀರು. ಎಷ್ಟು ಬೆಚ್ಚಗಿದೆ ಎಂದು ಮಾದರಿ ಹೇಳುತ್ತಿತ್ತು. ಆದರೆ ಪಂಕ್ತಿಯ ನೀರನ್ನು ಪಂಕ್ತಿಗೆ ಮುಂಚೆ ಯಾರೂ ಮುಟ್ಟುವಂತಿಲ್ಲ ಎಂದು ಅಂದು ಮಾವಶಿಯದೇ ಕಟ್ಟಪ್ಪಣೆ. ಅಂಗೈಗೂ ಇಲ್ಲ, ತುಟಿಗೂ ಇಲ್ಲ. ನಂಬುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಹೆಂಗಸರು ಕೂತರು. ಮಾವಶಿ ಯಾವಾಗಲೂ ಕೂರುವ ಕಂಬದ ಪಕ್ಕದಲ್ಲೇ ಕೂತರು. ದಾದಾ ಮಡಿ ಉಟ್ಟು ಬಡಿಸಲು ನಿಂತಿದ್ದ, ಗಾಡಿಯ ಕೀಲಿಯನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇದ್ದ. ಮಿರಜದ ದಾರಿ ಅವನ ತಲೆಯಿಂದ ಇನ್ನೂ ಹೋಗಿರಲಿಲ್ಲ. ಊಟ ನಡೆಯಿತು. ನಾನು ಮನಸ್ಸಿನಲ್ಲೇ ಆ ನಾಲ್ಕು ಅಂಕಿಗಳನ್ನು ಮತ್ತೆ ಮತ್ತೆ ಕಳೆದು ನೋಡುತ್ತಿದ್ದೆ. ಕೊನೆಗೆ ತಂಬಿಗೆಗಳು ಬಂದವು. ಮಾವಶಿ ಅಭ್ಯಾಸಬಲದಿಂದ ಊದಲು ತುಟಿ ಮುಂದೆ ಮಾಡಿದರು. ಊದಿದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

ಆಮೇಲೆ ಊದಲಿಲ್ಲ. ತಂಬಿಗೆ ಎತ್ತಿ, ಮೇಲಿನಿಂದ ಧಾರೆ ಬಿಟ್ಟು, ಗಟಗಟ ಕುಡಿದರು. ಪಕ್ಕದಲ್ಲಿ ಕೂತವರು, ಅವರ ಪಕ್ಕದವರು, ಪಂಕ್ತಿಯುದ್ದಕ್ಕೂ ತಂಬಿಗೆಗಳು ಮೇಲೆದ್ದವು. ಹಜಾರದಲ್ಲಿ ನೀರು ಕುಡಿಯುವ ಸದ್ದು ಬಿಟ್ಟು ಬೇರೆ ಸದ್ದು ಇರಲಿಲ್ಲ. ಬಾಗಿಲ ಹತ್ತಿರ ನಿಂತು ನಾನು ಅಳುತ್ತಿದ್ದೆ, ಮುಚ್ಚಿಟ್ಟುಕೊಳ್ಳುವ ಗೊಡವೆಗೆ ಹೋಗಲಿಲ್ಲ. ಮಾವಶಿ ಖಾಲಿ ತಂಬಿಗೆಯನ್ನು ಕೆಳಗಿಡದೆ ಮಗನ ಕಡೆ ಚಾಚಿದರು.

"ಇನ್ನೊಂದ್ ಹಾಕಪಾ. ಏಳೂಕ ಗಡಬಡಿ ಇಲ್ಲ ನನಗ."

ದಾದಾ ಸೊಂಟದ ಕೀಲಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. ಕೈ ತೊಳೆದು ಬಂದು, ಕೊಡ ಬಾಗಿಸಿ, ತಂಬಿಗೆ ತುಂಬಿಸಿದ. ಮಾವಶಿ ಅದನ್ನೂ ಪೂರ್ತಿ ಕುಡಿದರು. ಆಮೇಲೆ ಎದ್ದರು.